ಕೊಲೆಸ್ಟ್ರಾಲ್ ಜೊತೆ ಸಿಆರ್‌ಪಿ ಪರೀಕ್ಷೆಯೂ ಎಲ್ಲರಿಗೂ ಬೇಕೇ?

ರಕ್ತನಾಳದ ಗೋಡೆಯೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವ ಉರಿಯೂತಕ್ಕೂ ಹಾರ್ಟ್ ಅಟ್ಯಾಕ್‌ಗೂ ನಂಟಿದೆ ಎನ್ನುವುದು ಈಗ ಹೊಸ ಸುದ್ದಿಯಲ್ಲ. ಆ ಉರಿಯೂತದ ಸುಳಿವು ಕೊಡುವ ಪ್ರೋಟೀನ್ ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. ಯಾವ ತೊಂದರೆಯೂ ಇಲ್ಲದೆ ಆರೋಗ್ಯವಾಗಿರುವ ದೊಡ್ಡವರೆಲ್ಲರೂ ಅದನ್ನು ನೋಡಿಸಿಕೊಳ್ಳಬೇಕೇ? ಒಬ್ಬ ವೈದ್ಯರು ಪರವಾಗಿ, ಒಬ್ಬ ಲ್ಯಾಬ್ ಟೆಕ್ನಿಷಿಯನ್ ವಿರೋಧವಾಗಿ ಬರೆದಿದ್ದಾರೆ.

ಪರ: ಅಳೆಯದೆ ಗೊತ್ತಾಗುವುದಿಲ್ಲ

ಪರವಾಗಿ ಬರೆಯಿರಿ ಅಂದಾಗ ಒಂದು ದಿನ ಯೋಚಿಸಿ ಒಪ್ಪಿಕೊಂಡೆ. ನನ್ನ ಹತ್ತಿರ ಬರುವ ಎಲ್ಲರಿಗೂ ನಾನು ಈ ಪರೀಕ್ಷೆ ಬರೆದುಕೊಡುವುದಿಲ್ಲ. ‘ಎಲ್ಲರಿಗೂ’ ಅನ್ನುವ ಮಾತು ನನಗೆ ಸ್ವಲ್ಪ ದೊಡ್ಡದಾಯಿತು. ನಲವತ್ತು ದಾಟಿದವರಿಗೆ ಒಂದು ಸಲ ಅಂದಿದ್ದರೆ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದೆ. ಆದರೂ ಈ ಕಡೆ ಇರುವ ಕಾರಣಗಳು ಗಟ್ಟಿಯಾಗಿವೆ, ಅವನ್ನು ಹೇಳುವುದರಲ್ಲಿ ನನಗೆ ಹಿಂಜರಿಕೆ ಇಲ್ಲ.

ಮೊದಲು ಒಂದು ತಪ್ಪು ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಬೇಕು. ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಅಂದರೆ ನಲ್ಲಿ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕೊಬ್ಬು ಬರುತ್ತದೆ, ಅಂಟುತ್ತದೆ, ದಾರಿ ಸಣ್ಣದಾಗುತ್ತದೆ, ಒಂದು ದಿನ ಮುಚ್ಚಿಹೋಗುತ್ತದೆ. ಅಷ್ಟೇ ಆಗಿದ್ದರೆ ಕೊಲೆಸ್ಟ್ರಾಲ್ ಒಂದನ್ನೇ ನೋಡಿದರೆ ಸಾಕಿತ್ತು. ನಿಜವಾಗಿ ಆಗುವುದು ಕುರು ಹಣ್ಣಾಗುವ ರೀತಿ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ರಕ್ತನಾಳದ ಒಳಪದರ ದಾಟಿ ಗೋಡೆಯೊಳಗೆ ಸೇರಿಕೊಳ್ಳುತ್ತವೆ. ಅಲ್ಲಿ ಅವು ಕೆಡುತ್ತವೆ. ಅವನ್ನು ತೆಗೆದುಹಾಕಲು ಬಿಳಿ ರಕ್ತಕಣಗಳು ಒಳಗೆ ನುಗ್ಗಿ ಮ್ಯಾಕ್ರೋಫೇಜ್‌ಗಳಾಗುತ್ತವೆ, ಕೊಬ್ಬನ್ನು ನುಂಗುತ್ತವೆ, ನುಂಗಿ ನುಂಗಿ ಉಬ್ಬುತ್ತವೆ. ಮೈಕ್ರೋಸ್ಕೋಪಿನಲ್ಲಿ ನೊರೆ ತುಂಬಿದ ಹಾಗೆ ಕಾಣುವುದರಿಂದ ಇವಕ್ಕೆ ನೊರೆಕೋಶ ಅಂತಲೇ ಹೆಸರು. ಒಳಗೆ ಕೊಲೆಸ್ಟ್ರಾಲ್ ಹರಳುಗಟ್ಟಿದರೆ ಆ ಹರಳುಗಳು ಈ ಕೋಶಗಳನ್ನು ಕೆರಳಿಸುತ್ತವೆ. ಕೆರಳಿದ ಕೋಶ ಐಎಲ್-1 ಬೀಟಾ ಎಂಬ ಪ್ರೋಟೀನ್ ಬಿಡುತ್ತದೆ. ಅದು ಐಎಲ್-6 ಎಂಬ ಇನ್ನೊಂದನ್ನು ಎಬ್ಬಿಸುತ್ತದೆ. ಐಎಲ್-6 ರಕ್ತದ ಜೊತೆ ಲಿವರ್ ತಲುಪಿದ ಮೇಲೆ ಲಿವರ್ ಸಿಆರ್‌ಪಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ನಾವು ತೋಳಿನಿಂದ ತೆಗೆದ ರಕ್ತದಲ್ಲಿ ಅಳೆಯುವುದು ಈ ಕೊನೆಯದನ್ನು.

ಇಷ್ಟರಲ್ಲಿ ಗೋಡೆಯೊಳಗಿನ ಗಡ್ಡೆಯ ಮೇಲೆ ನಾರಿನ ಒಂದು ಹೊದಿಕೆ ಬಂದಿರುತ್ತದೆ. ಉರಿಯೂತ ಜೋರಾಗಿದ್ದರೆ ಮ್ಯಾಕ್ರೋಫೇಜ್‌ಗಳು ಬಿಡುವ ಎಂಜೈಮ್‌ಗಳು ಆ ಹೊದಿಕೆಯನ್ನೇ ಕರಗಿಸುತ್ತವೆ. ತೆಳ್ಳಗಾದ ಹೊದಿಕೆ ಒಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನಿಮಿಷಗಳಲ್ಲಿ ದಾರಿ ಮುಚ್ಚಬಹುದು. ಒಡೆಯುವುದು ದೊಡ್ಡ ಗಡ್ಡೆಯೇ ಆಗಬೇಕೆಂದಿಲ್ಲ. ಅರ್ಧ ದಾರಿಯನ್ನೂ ಮುಚ್ಚದ ಗಡ್ಡೆ ಒಡೆದು ಹಾರ್ಟ್ ಅಟ್ಯಾಕ್ ಆಗುವುದುಂಟು. ನಿನ್ನೆಯವರೆಗೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವರು ಇವತ್ತು ಕುಸಿದುಬೀಳುವುದು ಹೀಗೆ.

ಇದು ಹೊಸ ಆಲೋಚನೆಯೂ ಅಲ್ಲ. 1850ರ ದಶಕದಲ್ಲೇ ಜರ್ಮನಿಯ ರುಡಾಲ್ಫ್ ವಿರ್ಚೋ ರಕ್ತನಾಳದ ಈ ಕಾಯಿಲೆಯನ್ನು ಉರಿಯೂತ ಅಂತ ಕರೆದಿದ್ದರು. ಸಿಆರ್‌ಪಿ ಸಿಕ್ಕಿದ್ದು 1930ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಇನ್‌ಸ್ಟಿಟ್ಯೂಟ್‌ನಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಅದನ್ನು ಕಂಡರು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ‘ಸಿ’ ಎಂಬ ಭಾಗಕ್ಕೆ ಅದು ಅಂಟಿಕೊಳ್ಳುತ್ತಿತ್ತು, ಅದಕ್ಕೇ ಆ ಹೆಸರು. ತೀವ್ರ ಸೋಂಕು ಬಂದರೆ ಇದು ಸಾವಿರ ಪಟ್ಟು ಏರಬಲ್ಲದು. ಹೃದಯಕ್ಕೆ ಸಂಬಂಧಿಸಿದ ಏರಿಕೆ ಅಷ್ಟು ದೊಡ್ಡದಲ್ಲ, ಲೀಟರಿಗೆ 1, 2, 3 ಮಿಲಿಗ್ರಾಂ ಮಟ್ಟದ್ದು. ಅದನ್ನು ಹಿಡಿಯಲು ಹೈ ಸೆನ್ಸಿಟಿವಿಟಿ ಪರೀಕ್ಷೆ, ಅಂದರೆ ಎಚ್‌ಎಸ್-ಸಿಆರ್‌ಪಿ ಬೇಕಾಯಿತು.

1997ರಲ್ಲಿ ಅಮೆರಿಕದ ಹೃದಯತಜ್ಞ ಪಾಲ್ ರಿಡ್ಕರ್ ಮತ್ತು ಜೊತೆಗಾರರು ಆರೋಗ್ಯವಂತ ಗಂಡಸರ ರಕ್ತವನ್ನು ಪರೀಕ್ಷಿಸಿದರು. ವರ್ಷಗಳ ಹಿಂದೆ ತೆಗೆದಿಟ್ಟ ರಕ್ತ ಅದು. ಸಿಆರ್‌ಪಿ ಅತಿ ಹೆಚ್ಚಿದ್ದ ಕಾಲು ಭಾಗದವರಿಗೆ, ಅತಿ ಕಡಿಮೆ ಇದ್ದ ಕಾಲು ಭಾಗದವರಿಗಿಂತ, ಮುಂದೆ ಹಾರ್ಟ್ ಅಟ್ಯಾಕ್ ಅಪಾಯ ಸುಮಾರು 3 ಪಟ್ಟು, ಸ್ಟ್ರೋಕ್ ಅಪಾಯ ಸುಮಾರು 2 ಪಟ್ಟು ಇತ್ತು. 2002ರಲ್ಲಿ 27,939 ಹೆಂಗಸರ ಅಧ್ಯಯನ ಬಂತು. ಅದರಲ್ಲಿ ಮುಂದಿನ ಕಾಯಿಲೆಯ ಸುಳಿವನ್ನು ಎಲ್‌ಡಿಎಲ್‌ಗಿಂತ ಸಿಆರ್‌ಪಿಯೇ ಚೆನ್ನಾಗಿ ಕೊಟ್ಟಿತ್ತು. 2008ರ ಜುಪಿಟರ್ ಅಧ್ಯಯನದಲ್ಲಿ 17,802 ಜನ ಇದ್ದರು. ಎಲ್ಲರಿಗೂ ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಸಿಆರ್‌ಪಿ 2 ಅಥವಾ ಜಾಸ್ತಿ. ಅರ್ಧ ಜನರಿಗೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ರೋಸುವಾಸ್ಟಾಟಿನ್ ಕೊಟ್ಟರು. ಅವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಮೊದಲಾದ ಅನಾಹುತಗಳು 44% ಕಡಿಮೆಯಾದವು. ಕೊಲೆಸ್ಟ್ರಾಲ್ ರಿಪೋರ್ಟ್ ಮಾತ್ರ ನೋಡಿದ್ದರೆ ಇವರಲ್ಲಿ ಹೆಚ್ಚಿನವರನ್ನು ‘ಏನೂ ತೊಂದರೆ ಇಲ್ಲ, ಹೋಗಿ ಬನ್ನಿ’ ಅಂತ ಕಳಿಸುತ್ತಿದ್ದೆವು. ನಾನೂ ಕಳಿಸುತ್ತಿದ್ದೆ. ಅಳೆಯದೆ ಗೊತ್ತಾಗುವುದಿಲ್ಲ.

ಸಿಆರ್‌ಪಿ ಕಾಯಿಲೆಗೆ ಕಾರಣ ಅಲ್ಲ, ಬರೀ ಗುರುತು ಅಂತ ಆಕ್ಷೇಪ ಇದೆ. ಇರಲಿ. ಥರ್ಮಾಮೀಟರ್ ಜ್ವರ ತರಿಸುವುದಿಲ್ಲ, ಹಾಗಂತ ಅದನ್ನು ಯಾರೂ ಎಸೆಯುವುದಿಲ್ಲ, ಅಲ್ವಾ? ಉರಿಯೂತ ಕಾರಣ ಹೌದೋ ಅಲ್ಲವೋ ಅನ್ನುವ ಪ್ರಶ್ನೆಗೆ 2017ರ ಕ್ಯಾಂಟೋಸ್ ಅಧ್ಯಯನ ಉತ್ತರ ಕೊಟ್ಟಿದೆ. ಹಾರ್ಟ್ ಅಟ್ಯಾಕ್ ಆಗಿ, ಸಿಆರ್‌ಪಿ 2 ಅಥವಾ ಜಾಸ್ತಿ ಇದ್ದ 10,061 ಜನರಿಗೆ ಕನಕಿನುಮ್ಯಾಬ್ ಅಥವಾ ಬರೀ ಹೆಸರಿಗೊಂದು ಇಂಜೆಕ್ಷನ್ ಕೊಟ್ಟರು. ಈ ಔಷಧ ಐಎಲ್-1 ಬೀಟಾವನ್ನು ಮಾತ್ರ ತಡೆಯುತ್ತದೆ, ಕೊಲೆಸ್ಟ್ರಾಲ್ ತಂಟೆಗೇ ಹೋಗುವುದಿಲ್ಲ. 150 ಮಿಲಿಗ್ರಾಂ ಪಡೆದವರಲ್ಲಿ ಅನಾಹುತ 15% ಕಡಿಮೆಯಾಯಿತು. ಆಮೇಲೆ ಗೌಟ್‌ಗೆ ಕೊಡುವ ಹಳೇ ಮಾತ್ರೆ ಕೋಲ್ಚಿಸಿನ್ ಬಂತು. 2020ರ ಲೋಡೋಕೋ-2 ಅಧ್ಯಯನದಲ್ಲಿ ದಿನಕ್ಕೆ ಅರ್ಧ ಮಿಲಿಗ್ರಾಂ ಸೇವಿಸಿದ ಹೃದಯರೋಗಿಗಳಲ್ಲಿ ಅಪಾಯ 31% ಇಳಿಯಿತು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಹೃದಯದ ಔಷಧವಾಗಿ ಒಪ್ಪಿಗೆ ಕೊಟ್ಟಿತು. ಎಲ್ಲ ಅಧ್ಯಯನಗಳೂ ಹೀಗೇ ಬಂದಿಲ್ಲ. 2024ರಲ್ಲಿ ಹಾರ್ಟ್ ಅಟ್ಯಾಕ್ ಆದ ಕೂಡಲೇ ಕೋಲ್ಚಿಸಿನ್ ಕೊಟ್ಟ ಒಂದು ದೊಡ್ಡ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ವಾದ ಮಾಡುವುದು ನನ್ನಿಂದಾಗದು.

ಪರೀಕ್ಷೆ ಇಲ್ಲದೆಯೂ ಉರಿಯೂತದ ಕೈವಾಡ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ರುಮಟಾಯ್ಡ್ ಸಂಧಿವಾತ ಇರುವವರಿಗೆ ಹೃದಯದ ಅಪಾಯ ಸುಮಾರು ಒಂದೂವರೆ ಪಟ್ಟು. ಕೆನಡಾದ 2018ರ ಅಧ್ಯಯನದ ಪ್ರಕಾರ, ಫ್ಲೂ ಪತ್ತೆಯಾದ ಮೊದಲ ಏಳು ದಿನಗಳಲ್ಲಿ ಹಾರ್ಟ್ ಅಟ್ಯಾಕ್ ಆಗುವ ಸಂಭವ ಸುಮಾರು 6 ಪಟ್ಟು. ನನ್ನ ರೋಗಿಯೊಬ್ಬರಿಗೆ ಎಲ್‌ಡಿಎಲ್ 96 ಇತ್ತು, ಸಿಆರ್‌ಪಿ ಎರಡು ಸಲವೂ 5ರ ಮೇಲೆ. ಬಾಯಿ ತೆಗೆಸಿ ನೋಡಿದೆ. ವಸಡು ಊದಿ, ಮುಟ್ಟಿದರೆ ರಕ್ತ ಬರುತ್ತಿತ್ತು. ಸಿಗರೇಟು ಬೇರೆ. ಸಿಗರೇಟು ಬಿಡಿ ಅಂತ ಅದುವರೆಗೆ ಹತ್ತು ಸಲ ಹೇಳಿದ್ದೆ, ಕೇಳಿರಲಿಲ್ಲ. ಆ ಸಂಖ್ಯೆ ನೋಡಿದ ಮೇಲೆ ಬಿಟ್ಟರು. ದಂತವೈದ್ಯರ ಹತ್ತಿರವೂ ಹೋದರು. ಒಬ್ಬರ ಕತೆ ಪುರಾವೆ ಅಲ್ಲ ಅಂತ ಗೊತ್ತು. ಆದರೂ ಮರೆಯಲು ಆಗುವುದಿಲ್ಲ.

2025ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ ಈ ಪರೀಕ್ಷೆಯನ್ನು ವ್ಯಾಪಕವಾಗಿ ಎಲ್ಲರಿಗೂ ಮಾಡಿ ಅಂತ ವೈಜ್ಞಾನಿಕ ಹೇಳಿಕೆಯಲ್ಲಿ ಸಲಹೆ ಕೊಟ್ಟಿದೆ. ಮಾಡಿಸುವುದಾದರೆ ಸರಿಯಾಗಿ ಮಾಡಿಸಬೇಕು. ನೆಗಡಿ, ಜ್ವರ, ಹಲ್ಲುನೋವು, ಗಾಯ ಯಾವುದೂ ಇಲ್ಲದಾಗ ಕೊಡಬೇಕು. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು. 10ಕ್ಕಿಂತ ಜಾಸ್ತಿ ಬಂದರೆ ಅದನ್ನು ಹೃದಯದ ಲೆಕ್ಕಕ್ಕೆ ಹಿಡಿಯದೆ ಬೇರೆ ಕಾರಣ ಹುಡುಕಬೇಕು. ಇಷ್ಟು ಪಾಲಿಸಿದರೆ ಒಂದು ಟ್ಯೂಬ್ ರಕ್ತಕ್ಕೆ ಇದು ಒಳ್ಳೆಯ ಉಪಯೋಗ ಅಂತಲೇ ಹೇಳುತ್ತೇನೆ.

ವಿರೋಧ: ಯಂತ್ರಕ್ಕೆ ಮಬ್ಬು ಮಾತ್ರ ಗೊತ್ತು

ಇಪ್ಪತ್ತೆರಡು ವರ್ಷದಿಂದ ಲ್ಯಾಬ್‌ನಲ್ಲಿದ್ದೇನೆ. ರಕ್ತ ತೆಗೆಯುವವಳೂ ನಾನೇ, ಯಂತ್ರದ ಮುಂದೆ ನಿಲ್ಲುವವಳೂ ನಾನೇ. ಸಿಆರ್‌ಪಿ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ನನ್ನ ವಾದದ ಅರ್ಧ ಅದರಲ್ಲೇ ಇದೆ.

ರಕ್ತ ಹೆಪ್ಪುಗಟ್ಟಿದ ಮೇಲೆ ಟ್ಯೂಬನ್ನು ತಿರುಗಿಸುತ್ತೇವೆ. ಮೇಲೆ ತಿಳಿಹಳದಿ ಸೀರಮ್ ನಿಲ್ಲುತ್ತದೆ. ಯಂತ್ರ ಅದರಲ್ಲಿ ಒಂದು ಹನಿಗಿಂತ ಕಡಿಮೆ ಎಳೆದುಕೊಂಡು ಒಂದು ದ್ರವಕ್ಕೆ ಸೇರಿಸುತ್ತದೆ. ಆ ದ್ರವದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಲೇಟೆಕ್ಸ್ ಕಣಗಳಿರುತ್ತವೆ. ಕಣಗಳ ಮೈಮೇಲೆ ಸಿಆರ್‌ಪಿಯನ್ನು ಹಿಡಿಯುವ ಪ್ರತಿಕಾಯ ಅಂಟಿಸಿರುತ್ತಾರೆ. ಸಿಆರ್‌ಪಿ ಇದ್ದಷ್ಟೂ ಕಣಗಳು ಒಂದಕ್ಕೊಂದು ಅಂಟಿಕೊಂಡು ದ್ರವ ಮಬ್ಬಾಗುತ್ತದೆ. ಯಂತ್ರ ಅದರ ಮೂಲಕ ಬೆಳಕು ಹಾಯಿಸಿ ಮಬ್ಬು ಎಷ್ಟಿದೆ ಅಂತ ಅಳೆಯುತ್ತದೆ. ಅಷ್ಟೇ. ಆ ಸಿಆರ್‌ಪಿ ಹೃದಯದ ರಕ್ತನಾಳದಿಂದಾಗಿ ಬಂತೋ, ವಸಡಿನಿಂದಲೋ, ಮೊಣಕಾಲಿನಿಂದಲೋ, ಹೋದ ವಾರದ ನೆಗಡಿಯಿಂದಲೋ? ಯಂತ್ರಕ್ಕೆ ಗೊತ್ತಿಲ್ಲ. ರಿಪೋರ್ಟ್ ಓದುವವರಿಗೂ ಗೊತ್ತಾಗುವುದಿಲ್ಲ.

ಹೊಟ್ಟೆಯ ಬೊಜ್ಜು ಇದ್ದರೆ ಸಿಆರ್‌ಪಿ ಜಾಸ್ತಿ. ನಿದ್ದೆ ಕೆಟ್ಟರೆ ಜಾಸ್ತಿ. ಸಿಗರೇಟು ಸೇದಿದರೆ ಜಾಸ್ತಿ. ಈಸ್ಟ್ರೋಜನ್ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಜಾಸ್ತಿ. ಮ್ಯಾರಥಾನ್ ಓಡಿದ ಮರುದಿನವೂ ಜಾಸ್ತಿ. ಒಬ್ಬರದೇ ರಕ್ತವನ್ನು ಈ ತಿಂಗಳು ನೋಡಿದರೆ 1.4, ಮುಂದಿನ ತಿಂಗಳು 3.6. ಇಂಥದ್ದು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಮೊದಲನೆಯದರಲ್ಲಿ ಅವರು ‘ಸಾಧಾರಣ’, ಎರಡನೆಯದರಲ್ಲಿ ‘ಹೆಚ್ಚು ಅಪಾಯ’. ಮನುಷ್ಯ ಅದೇ.

ಥರ್ಮಾಮೀಟರ್ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಮೈ ಬಿಸಿ ಅನಿಸಿದಾಗ ಥರ್ಮಾಮೀಟರ್ ಇಡುತ್ತೇವೆ. ದಾರಿಯಲ್ಲಿ ನಡೆದುಹೋಗುವ ಎಲ್ಲರ ಬಾಯಿಗೂ ಇಡುವುದಿಲ್ಲ.

ಕಾರಣದ ವಿಷಯಕ್ಕೆ ಬರೋಣ. ಕೆಲವರಿಗೆ ಹುಟ್ಟಿನಿಂದಲೇ ಸಿಆರ್‌ಪಿ ಸ್ವಲ್ಪ ಜಾಸ್ತಿ ಇರುವಂಥ ಜೀನ್ ಬಂದಿರುತ್ತದೆ. ಸಿಆರ್‌ಪಿಯೇ ರಕ್ತನಾಳ ಕೆಡಿಸುವುದಾದರೆ, ಜೀವನವಿಡೀ ಅದನ್ನು ಹೊತ್ತವರಿಗೆ ಹಾರ್ಟ್ ಅಟ್ಯಾಕ್ ಜಾಸ್ತಿ ಆಗಬೇಕಿತ್ತು. 2008ರಲ್ಲಿ ಡೆನ್ಮಾರ್ಕ್‌ನಲ್ಲಿ, 2011ರಲ್ಲಿ ಇನ್ನೂ ದೊಡ್ಡ ಮಟ್ಟದಲ್ಲಿ ಇದನ್ನು ನೋಡಿದರು. ಆಗಲಿಲ್ಲ. ಐಎಲ್-6ರ ದಾರಿಯನ್ನು ಕುಗ್ಗಿಸುವ ಜೀನ್ ಇದ್ದವರಲ್ಲಿ ಮಾತ್ರ ಅಪಾಯ ಕಡಿಮೆ ಇತ್ತು. ಅಂದರೆ ಕೆಲಸ ನಡೆಯುವುದು ಮೇಲಿನ ಮೆಟ್ಟಿಲಲ್ಲಿ. ನಾವು ಅಳೆಯುತ್ತಿರುವುದು ಕೆಳಗಿನ ಮೆಟ್ಟಿಲಿಗೆ ಬಿದ್ದ ನೆರಳನ್ನು.

ಜುಪಿಟರ್ ಅಧ್ಯಯನದ 44% ಎಲ್ಲರ ಬಾಯಲ್ಲೂ ಇದೆ. ಅದರ ಹಿಂದಿನ ಸಂಖ್ಯೆ ಯಾರೂ ಹೇಳುವುದಿಲ್ಲ. ಮಾತ್ರೆ ತಿಂದ 8,901 ಜನರಲ್ಲಿ 142 ಜನಕ್ಕೆ ಅನಾಹುತ ಆಯಿತು. ತಿನ್ನದ 8,901 ಜನರಲ್ಲಿ 251 ಜನಕ್ಕೆ. ಸುಮಾರು ಎರಡು ವರ್ಷದ ಅವಧಿಯಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ಅಧ್ಯಯನವನ್ನು ಗೊತ್ತುಮಾಡಿದ್ದಕ್ಕಿಂತ ಮುಂಚೆಯೇ ನಿಲ್ಲಿಸಿದ್ದರು. ಮಾತ್ರೆ ತಿಂದವರಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರು 270, ತಿನ್ನದವರಲ್ಲಿ 216. ಎಲ್ಲಕ್ಕಿಂತ ಮುಖ್ಯ ಇನ್ನೊಂದಿದೆ. ಸಿಆರ್‌ಪಿ ಕಡಿಮೆ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಳ್ಳಲೇ ಇಲ್ಲ. ಅವರಿಗೆ ಮಾತ್ರೆ ಕೊಟ್ಟಿದ್ದರೆ ಅವರಿಗೂ ಅಷ್ಟೇ ಲಾಭ ಆಗುತ್ತಿತ್ತೋ ಏನೋ. ಎಲ್‌ಡಿಎಲ್ ಅರ್ಧಕ್ಕೆ ಇಳಿದಿತ್ತು, ಲಾಭ ಅದರಿಂದಲೇ ಬಂದಿರಬಹುದು. ಸಿಆರ್‌ಪಿ ನೋಡಿ ಮಾತ್ರೆ ಕೊಟ್ಟರೆ ಒಳ್ಳೆಯದು ಅಂತ ಹೇಳಲು ಎರಡೂ ಗುಂಪು ಬೇಕಿತ್ತಲ್ವಾ?

ಕ್ಯಾಂಟೋಸ್, ಕೋಲ್ಚಿಸಿನ್ ಎಲ್ಲ ಈಗಾಗಲೇ ಹೃದಯ ಕೆಟ್ಟವರ ಮಾತು. ನಮ್ಮ ಪ್ರಶ್ನೆ ಆರೋಗ್ಯವಾಗಿರುವ ಎಲ್ಲರ ಬಗ್ಗೆ. ಕನಕಿನುಮ್ಯಾಬ್ ಪಡೆದವರಲ್ಲಿ ಸೋಂಕಿನಿಂದ ಸತ್ತವರು ಜಾಸ್ತಿ, ಒಟ್ಟು ಸಾವು ಕಡಿಮೆಯಾಗಲಿಲ್ಲ. ಹೃದಯಕ್ಕೆ ಅದನ್ನು ಬಳಸಲು ಒಪ್ಪಿಗೆಯೂ ಸಿಗಲಿಲ್ಲ. ಸಂಧಿವಾತದ ಉರಿಯೂತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಕೊಟ್ಟು ನೋಡಿದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಅನಾಹುತವೂ ಇಳಿಯಲಿಲ್ಲ, ಸಿಆರ್‌ಪಿಯೂ ಇಳಿಯಲಿಲ್ಲ. 2025ರ ಹೇಳಿಕೆ ಬಂದಿದೆ, ನಿಜ. ಈ ಕ್ಷೇತ್ರದ ಮುಂದಾಳು ರಿಡ್ಕರ್ ಅವರ ಹೆಸರು ಉರಿಯೂತದ ಗುರುತುಗಳಿಗೆ ಸಂಬಂಧಿಸಿದ ಪೇಟೆಂಟ್‌ಗಳಲ್ಲಿದೆ, ಪೇಟೆಂಟ್ ಅವರ ಆಸ್ಪತ್ರೆಯದು. ಅದನ್ನು ಅವರೇ ತಮ್ಮ ಪ್ರಬಂಧಗಳಲ್ಲಿ ಬಹಿರಂಗವಾಗಿ ತಿಳಿಸಿದ್ದಾರೆ. ನಾನು ಅವರ ಮೇಲೆ ತಪ್ಪು ಹೊರಿಸುತ್ತಿಲ್ಲ, ಓದುವವರಿಗೆ ಇದೂ ಗೊತ್ತಿರಲಿ ಅಂತ ಅಷ್ಟೇ. 2003ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮತ್ತು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸೇರಿ 1ರ ಕೆಳಗೆ ಕಡಿಮೆ ಅಪಾಯ, 3ರ ಮೇಲೆ ಹೆಚ್ಚು ಅಪಾಯ ಎಂಬ ಗೆರೆಗಳನ್ನು ಎಳೆದಾಗಲೇ, ಎಲ್ಲರಿಗೂ ಈ ಪರೀಕ್ಷೆ ಬೇಡ ಅಂತಲೂ ಹೇಳಿದ್ದವು. 2018ರಲ್ಲಿ ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ, ಲಕ್ಷಣ ಇಲ್ಲದವರಿಗೆ ಇದರಿಂದ ಒಳ್ಳೆಯದೋ ಕೆಟ್ಟದ್ದೋ ಹೇಳಲು ಪುರಾವೆ ಸಾಲದು ಅಂತ ತೀರ್ಮಾನಿಸಿತು. ಗೆರೆಗಳು ಎಲ್ಲ ರಿಪೋರ್ಟಿನಲ್ಲೂ ಅಚ್ಚಾಗುತ್ತಿವೆ. ಜೊತೆಗಿದ್ದ ಎಚ್ಚರಿಕೆ ಎಲ್ಲಿ ಹೋಯಿತೋ.

ಈಗ ನನ್ನ ಅಮ್ಮನ ವಿಷಯ. ಇದನ್ನು ಬರೆಯಲೆಂದೇ ನಾನು ಒಪ್ಪಿಕೊಂಡದ್ದು.

ಅಮ್ಮನಿಗೆ ಆಗ 66. ಸಕ್ಕರೆ ಕಾಯಿಲೆ ಇಲ್ಲ. ಬಿಪಿಗೆ ಒಂದು ಮಾತ್ರೆ, ಅದರಲ್ಲಿ ಹತೋಟಿಯಲ್ಲಿತ್ತು. ದಿನಾ ಬೆಳಿಗ್ಗೆ ನಲವತ್ತು ನಿಮಿಷ ನಡೆಯುತ್ತಿದ್ದರು, ಮಳೆ ಬಂದರೂ ಕೊಡೆ ಹಿಡಿದುಕೊಂಡು. ನನ್ನ ತಮ್ಮ ಪ್ರೀತಿಯಿಂದಲೇ ಒಂದು ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಬುಕ್ ಮಾಡಿದ. ನಮ್ಮ ಲ್ಯಾಬ್ ಅಲ್ಲ, ಬೇರೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಅದಕ್ಕೆ ಎಂಟು ದಿನ ಮುಂಚೆ ಅಮ್ಮನಿಗೆ ಜ್ವರ, ಕೆಮ್ಮು ಬಂದಿತ್ತು. ಯಾರೂ ಕೇಳಲಿಲ್ಲ. ಅಮ್ಮನಿಗೂ ಹೇಳಬೇಕು ಅಂತ ಗೊತ್ತಿರಲಿಲ್ಲ.

ರಾತ್ರಿ ಹತ್ತೂವರೆಗೆ ರಿಪೋರ್ಟ್ ಮೊಬೈಲಿಗೆ ಬಂತು. ಹದಿನಾರು ಪುಟ. ಎಲ್ಲ ಕಪ್ಪು ಅಕ್ಷರ, ಒಂದು ಸಾಲು ಮಾತ್ರ ಕೆಂಪು. ಎಚ್‌ಎಸ್-ಸಿಆರ್‌ಪಿ 14.2. ಪಕ್ಕದಲ್ಲಿ ಒಂದು ಹೃದಯದ ಚಿತ್ರ. ಕೆಳಗೆ ‘3ಕ್ಕಿಂತ ಹೆಚ್ಚು: ಹೃದಯದ ಅಪಾಯ ಅಧಿಕ’. 10 ದಾಟಿದರೆ ಸೋಂಕು ಇರಬಹುದು, ಎರಡು ಮೂರು ವಾರ ಬಿಟ್ಟು ಮತ್ತೆ ನೋಡಿ ಅನ್ನುವ ಒಂದು ಸಾಲನ್ನು ಹಾಕಲು ಆ ಹದಿನಾರು ಪುಟದಲ್ಲಿ ಜಾಗ ಇರಲಿಲ್ಲ.

ನಾನು ನೈಟ್ ಡ್ಯೂಟಿಯಲ್ಲಿದ್ದೆ. ಅಮ್ಮ ನನಗೆ ಫೋನ್ ಮಾಡಲಿಲ್ಲ, ಕೆಲಸದ ನಡುವೆ ತೊಂದರೆ ಆಗುತ್ತದೆ ಅಂತ. ಬೆಳಿಗ್ಗೆ ನಾನು ಮನೆಗೆ ಬಂದಾಗ ಸೋಫಾದ ಅಂಚಿನಲ್ಲಿ ನೆಟ್ಟಗೆ ಕೂತಿದ್ದರು. ರಾತ್ರಿಯಿಡೀ ಮಲಗಿರಲಿಲ್ಲ. ಬಲಗೈಯ ಎರಡು ಬೆರಳು ಎಡಗೈ ಮಣಿಕಟ್ಟಿನ ಮೇಲಿತ್ತು. ‘ಇದೆಯಾ ಅಂತ ನೋಡ್ಕೋತಾ ಇದ್ದೆ’ ಅಂದರು.

ನೆಗಡಿಯಿಂದ ಬಂದಿರುವುದು ಅಮ್ಮಾ, ಸುಮ್ನೆ ಇರು ಅಂದೆ. ತಮ್ಮ ಒಪ್ಪಲಿಲ್ಲ. ಅವನದ್ದೂ ತಪ್ಪಲ್ಲ, ಕೆಂಪಕ್ಷರದಲ್ಲಿ ಹೃದಯದ ಚಿತ್ರ ಕಂಡರೆ ಯಾವ ಮಗ ಸುಮ್ಮನಿರುತ್ತಾನೆ? ಆಸ್ಪತ್ರೆಗೆ ಹೋದೆವು. ಇಸಿಜಿ ಸರಿಯಿತ್ತು. ಎಕೋ ಸರಿಯಿತ್ತು. ಟ್ರೆಡ್‌ಮಿಲ್ ಹತ್ತಿಸಿದರು. ಹೆದರಿಕೆಗೆ ಅಮ್ಮನ ಎದೆಬಡಿತ ಮೊದಲೇ ಓಡುತ್ತಿತ್ತು, ನಾಲ್ಕು ನಿಮಿಷಕ್ಕೆ ಇಳಿಸಿ ಅಂದರು. ಪರೀಕ್ಷೆ ಪೂರ್ತಿಯಾಗಲಿಲ್ಲ ಅಂತ ಸಿಟಿ ಆಂಜಿಯೋಗ್ರಾಂ. ರಕ್ತನಾಳಗಳಲ್ಲಿ ವಯಸ್ಸಿಗೆ ತಕ್ಕಷ್ಟು, ಚಿಕಿತ್ಸೆ ಬೇಕಾದಂಥದ್ದು ಏನೂ ಇಲ್ಲ. ಆದರೆ ಅದೇ ಸಿಟಿಯಲ್ಲಿ ಶ್ವಾಸಕೋಶದ ತುದಿಯಲ್ಲಿ ಒಂದು ಸಣ್ಣ ಚುಕ್ಕೆ ಕಂಡಿತು. ‘ಏನೂ ಇರಲಿಕ್ಕಿಲ್ಲ, ಆದರೂ ಒಂದು ವರ್ಷ ಬಿಟ್ಟು ಇನ್ನೊಂದು ಸಿಟಿ ಮಾಡಿಸಿ’ ಅಂದರು. ಹೃದಯದ ಹೆದರಿಕೆಯ ಮೇಲೆ ಕ್ಯಾನ್ಸರ್ ಹೆದರಿಕೆ ಬಂದು ಕೂತಿತು.

ಮೂರನೇ ವಾರ ನಾನೇ ಅಮ್ಮನ ರಕ್ತ ತೆಗೆದು, ನಮ್ಮ ಯಂತ್ರದಲ್ಲೇ ಹಾಕಿದೆ. 0.9 ಬಂತು. ಸರಿ ಇದೆಯೋ ಅಂತ ಇನ್ನೊಂದು ಸಲ ಓಡಿಸಿದೆ. 0.9. ಯಾವ ಮಾತ್ರೆಯನ್ನೂ ಕೊಟ್ಟಿರಲಿಲ್ಲ. ಕೆಮ್ಮು ಪೂರ್ತಿ ವಾಸಿಯಾಗಿತ್ತು, ಅಷ್ಟೇ. ಸಿಆರ್‌ಪಿ ಸುಮಾರು 19 ಗಂಟೆಗೆ ಅರ್ಧದಷ್ಟು ಕರಗಿಹೋಗುತ್ತದೆ. ಕಾರಣ ಹೋದರೆ ಅದೂ ಬೇಗ ಇಳಿಯುತ್ತದೆ. ರಿಪೋರ್ಟನ್ನು ಪ್ರಿಂಟ್ ಮಾಡಿ ಅಮ್ಮನ ಕೈಗೆ ಕೊಟ್ಟೆ. ಓದಿದರು, ಮಡಚಿದರು, ಮಂಚದ ಪಕ್ಕದ ಡ್ರಾಯರ್‌ನಲ್ಲಿ ಇಟ್ಟರು. ಮೊದಲನೆಯದನ್ನೂ ಅಲ್ಲೇ ಇಟ್ಟಿದ್ದರು. ಎಸೆಯಮ್ಮಾ ಅಂದರೆ ಕೇಳಲಿಲ್ಲ.

ಪರ ಇರುವವರು ಹೇಳುತ್ತಾರೆ: ಸರಿಯಾಗಿ ಮಾಡಿಸಿ, ಎರಡು ಸಲ ಮಾಡಿಸಿ, ಆರೋಗ್ಯವಾಗಿದ್ದಾಗ ಮಾಡಿಸಿ. ಒಬ್ಬ ಒಳ್ಳೆಯ ವೈದ್ಯರು ಎದುರಿಗೆ ಕೂತು, ವಿಚಾರಿಸಿ, ಬೇಕು ಅನಿಸಿ ಬರೆದರೆ ನನ್ನ ತಕರಾರಿಲ್ಲ. ಆದರೆ ‘ಎಲ್ಲರಿಗೂ’ ಅಂದ ದಿನ ವೈದ್ಯರು ಆ ಕೋಣೆಯಲ್ಲಿ ಇರುವುದಿಲ್ಲ. ಇರುವುದು ಪ್ಯಾಕೇಜು, ಬಾರ್‌ಕೋಡ್ ಅಂಟಿಸಿದ ಟ್ಯೂಬು, ರಾತ್ರಿ ಬರುವ ಮೆಸೇಜು. ‘ಕಳೆದ ಎರಡು ವಾರದಲ್ಲಿ ಜ್ವರ ಬಂದಿತ್ತಾ?’ ಅಂತ ಕೇಳುವ ಒಬ್ಬರೂ ಆ ಸಾಲಿನಲ್ಲಿ ಇಲ್ಲ. ಹಾಗೆ ಕೇಳಿ ರಕ್ತ ತೆಗೆಯದೆ ವಾಪಸ್ ಕಳಿಸಿದ್ದಕ್ಕೆ ನಾನೇ ಬೈಸಿಕೊಂಡಿದ್ದೇನೆ. ಇನ್ನೂ ಒಂದು ಗೊಂದಲ. ಸಾಮಾನ್ಯ ಸಿಆರ್‌ಪಿ ಬೇರೆ, ಎಚ್‌ಎಸ್-ಸಿಆರ್‌ಪಿ ಬೇರೆ. ಕೆಲವು ರಿಪೋರ್ಟ್ ಲೀಟರಿನ ಲೆಕ್ಕದಲ್ಲಿ, ಕೆಲವು ಡೆಸಿಲೀಟರಿನ ಲೆಕ್ಕದಲ್ಲಿ. ಒಂದರಲ್ಲಿ 3 ಅಂದರೆ ಇನ್ನೊಂದರಲ್ಲಿ 0.3. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ‘ನನ್ನದು ಹತ್ತು ಪಟ್ಟು ಏರಿದೆ’ ಅಂತ ಬೆವರುತ್ತಾ ಕೌಂಟರಿಗೆ ಬಂದವರನ್ನು ನಾನು ಸಮಾಧಾನ ಮಾಡಿದ್ದೇನೆ.

ರಿಪೋರ್ಟಿನಲ್ಲಿ 5 ಬಂದರೆ ಏನು ಮಾಡಬೇಕು? ಸಿಗರೇಟು ಬಿಡಬೇಕು, ತೂಕ ಇಳಿಸಬೇಕು, ನಡೆಯಬೇಕು, ನಿದ್ದೆ ಮಾಡಬೇಕು, ವಸಡು ನೋಡಿಕೊಳ್ಳಬೇಕು. 0.5 ಬಂದವರು ಇದನ್ನೆಲ್ಲ ಮಾಡುವುದು ಬೇಡವೇ? 0.5 ಬಂತು ಅಂತ ಖುಷಿಯಾಗಿ ಸಿಗರೇಟು ಹಚ್ಚಿಕೊಂಡೇ ಹೊರಗೆ ಹೋದವರನ್ನೂ ನಮ್ಮ ಲ್ಯಾಬ್ ಬಾಗಿಲಲ್ಲಿ ನೋಡಿದ್ದೇನೆ.

ವರ್ಷದ ನಂತರ ಅಮ್ಮನಿಗೆ ಎರಡನೇ ಸಿಟಿ ಮಾಡಿಸಿದೆವು. ಚುಕ್ಕೆ ಇದ್ದಷ್ಟೇ ಇತ್ತು, ಯಾವುದೋ ಹಳೇ ಸೋಂಕಿನ ಕಲೆ ಅಂದರು. ಆ ಒಂದು ವರ್ಷ ಅಮ್ಮ ಬೆಳಗಿನ ನಡಿಗೆ ಬಿಟ್ಟಿದ್ದರು. ದಾರಿಯಲ್ಲಿ ಏನಾದರೂ ಆದರೆ ಅಂತ. ಆರು ಕಿಲೋ ತೂಕ ಏರಿತು, ಬಿಪಿ ಮಾತ್ರೆ ಒಂದು ಇದ್ದದ್ದು ಎರಡಾಯಿತು. ಈಗ ಮತ್ತೆ ನಡೆಯಲು ಹೋಗುತ್ತಾರೆ, ನಾನು ಜೊತೆಗಿದ್ದರೆ ಮಾತ್ರ. ಅರ್ಧ ದಾರಿಗೆ ಒಂದು ಕಡೆ ನಿಲ್ಲುತ್ತಾರೆ. ಸುಸ್ತಾಯಿತಾ ಅಂತ ಕೇಳುತ್ತೇನೆ. ಇಲ್ಲ ಅಂತ ತಲೆ ಆಡಿಸುತ್ತಾರೆ. ಎರಡು ಬೆರಳು ಮಣಿಕಟ್ಟಿನ ಮೇಲಿರುತ್ತದೆ.